ಇಳಿಜಾರು ಗೊತ್ತು, ಬಿಂದು ಗೊತ್ತು: ರೇಖೆಯ ಸಮೀಕರಣವನ್ನು ಯಾವ ರೂಪದಲ್ಲಿ ಬರೆಯುವುದು?

ಪ್ರಶ್ನೆ ಒಂದೇ ಸಾಲಿನದು: ಇಳಿಜಾರು 2/3 ಇರುವ ಸರಳರೇಖೆಯೊಂದು (−4, 7) ಬಿಂದುವಿನ ಮೂಲಕ ಹಾದುಹೋಗುತ್ತದೆ, ಅದರ ಸಮೀಕರಣ ಬರೆಯಿರಿ. ನನ್ನ ಹತ್ತಿರ ಮನೆಪಾಠಕ್ಕೆ ಬರುತ್ತಿದ್ದ ಹುಡುಗನೊಬ್ಬ ಇದನ್ನು ಎರಡು ಸಲ ಬಿಡಿಸಿದ. ಒಂದು ದಾರಿಯಲ್ಲಿ ವೈ = (2/3)ಎಕ್ಸ್ + 29/3 ಬಂತು, ಇನ್ನೊಂದರಲ್ಲಿ 2ಎಕ್ಸ್ − 3ವೈ + 29 = 0 ಬಂತು. ಎರಡರಲ್ಲಿ ಒಂದು ತಪ್ಪಿರಲೇಬೇಕು ಎಂದುಕೊಂಡು, ನೋಡಲು ವಿಕಾರವಾಗಿದ್ದ ಮೊದಲನೆಯದನ್ನು ಹೊಡೆದುಹಾಕಿದ. ಆಮೇಲೆ ಅನುಮಾನ ಹುಟ್ಟಿ ಎರಡನೆಯದನ್ನೂ ಹೊಡೆದುಹಾಕಿ ಸುಮ್ಮನೆ ಕುಳಿತ. ಎರಡೂ ಸರಿಯಾಗಿಯೇ ಇದ್ದವು. ಮೊದಲನೆಯದನ್ನು ಮೂರರಿಂದ ಗುಣಿಸಿ, ಎಲ್ಲವನ್ನೂ ಒಂದೇ ಕಡೆಗೆ ತಂದರೆ ಎರಡನೆಯದೇ ಸಿಗುತ್ತದೆ.

ಅವನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಒಂದೇ ರೇಖೆಗೆ ಹಲವು ಸೂತ್ರಗಳನ್ನು ಕಲಿಸಿದ್ದರು, ಯಾವಾಗ ಯಾವುದನ್ನು ಹಿಡಿಯಬೇಕು ಎಂದು ಯಾರೂ ಹೇಳಿರಲಿಲ್ಲ. ಇಂತಹ ಇಕ್ಕಟ್ಟಿನಲ್ಲಿ ಸಿಕ್ಕವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಿಂದು-ಇಳಿಜಾರು ರೂಪ, ಇಳಿಜಾರು-ಅಂತಃಖಂಡ ರೂಪ, ಸಾಮಾನ್ಯ ರೂಪ, ಪ್ರಾಚಲ ರೂಪ, ಈ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡೋಣ. ಉದಾಹರಣೆಗೆ ಆ ಹುಡುಗನ ರೇಖೆಯನ್ನೇ ಇಟ್ಟುಕೊಳ್ಳೋಣ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯ ವಿಚಾರ, ಕೊಟ್ಟಿರುವ ಇಳಿಜಾರು ಹೇಗಿದೆ ಎಂಬುದು. ಪೂರ್ಣಾಂಕವೋ, ಭಿನ್ನರಾಶಿಯೋ, ದಶಮಾಂಶವೋ ಅಥವಾ ರೇಖೆ ನೆಟ್ಟಗೆ ನಿಂತಿರುವುದರಿಂದ ಇಳಿಜಾರೇ ಇಲ್ಲವೋ? ಎರಡನೆಯದು, ಬಿಂದು ಎಲ್ಲಿದೆ? ಅಕ್ಷದ ಮೇಲಿದ್ದರೆ ಅರ್ಧ ಕೆಲಸ ಮುಗಿದಂತೆ. ಮೂಲಬಿಂದುವಿನಿಂದ ಬಹಳ ದೂರವಿದ್ದರೆ ಕೆಲವು ರೂಪಗಳು ಕೈಕೊಡುತ್ತವೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಮರೆಯುವುದೂ ಅದನ್ನೇ: ಈ ಸಮೀಕರಣವನ್ನು ಮುಂದೆ ಏನು ಮಾಡುತ್ತೀರಿ? ನಕ್ಷೆ ಎಳೆಯಬೇಕೇ, ಇನ್ನೊಂದು ರೇಖೆಯನ್ನು ಅದು ಎಲ್ಲಿ ಸಂಧಿಸುತ್ತದೆಂದು ಹುಡುಕಬೇಕೇ, ಲಂಬದೂರ ಅಳೆಯಬೇಕೇ ಅಥವಾ ಉತ್ತರ ಬರೆದು ಮುಂದಿನ ಪ್ರಶ್ನೆಗೆ ಹೋಗುವುದಷ್ಟೇ ಆಗಬೇಕೇ?

ಕೊನೆಯದು ನಿಮಗೆ ಮಾತ್ರ ಗೊತ್ತಿರುವ ವಿಷಯ. ನಿಮ್ಮ ಕೈ ಜಾರುವುದು ಎಲ್ಲಿ? ಕೆಲವರು ಭಿನ್ನರಾಶಿ ಕೂಡಿಸುವಾಗ ತಪ್ಪುತ್ತಾರೆ, ಕೆಲವರು ಋಣ ಚಿಹ್ನೆಯನ್ನು ಆವರಣದೊಳಗೇ ಕಳೆದುಕೊಳ್ಳುತ್ತಾರೆ. ನಾನು ಎರಡನೆಯ ಜಾತಿಗೆ ಸೇರಿದವನು. ನನ್ನ ಶಿಫಾರಸುಗಳನ್ನು ಓದುವಾಗ ಅದು ನೆನಪಿರಲಿ.

ಬಿಂದು-ಇಳಿಜಾರು ರೂಪ

ವೈ − ವೈ₁ = ಎಂ(ಎಕ್ಸ್ − ಎಕ್ಸ್₁)

ಇಲ್ಲಿ ಎಂ ಎಂದರೆ ಇಳಿಜಾರು, (ಎಕ್ಸ್₁, ವೈ₁) ಎಂದರೆ ಕೊಟ್ಟ ಬಿಂದು. ಇದನ್ನು ಸೂತ್ರವೆಂದು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಇಳಿಜಾರು ಎಂದರೆ ಅಡ್ಡ ಎಷ್ಟು ಸರಿದರೆ ಎತ್ತರ ಎಷ್ಟು ಬದಲಾಗುತ್ತದೆ ಎಂಬ ಅನುಪಾತ. (ಹೆಸರು ಇಳಿಜಾರು, ಆದರೆ ಸಂಖ್ಯೆ ಧನವಾಗಿದ್ದರೆ ರೇಖೆ ಎಡದಿಂದ ಬಲಕ್ಕೆ ಏರುತ್ತದೆ. ಈ ಪದ ಎಷ್ಟು ಮಕ್ಕಳ ದಾರಿ ತಪ್ಪಿಸಿದೆಯೋ!) ನಮ್ಮ ರೇಖೆಯ ಮೇಲೆ (ಎಕ್ಸ್, ವೈ) ಎಂಬ ಯಾವುದೇ ಇನ್ನೊಂದು ಬಿಂದುವನ್ನು ತೆಗೆದುಕೊಂಡರೂ ಎತ್ತರದ ವ್ಯತ್ಯಾಸ ವೈ − 7, ಅಡ್ಡ ವ್ಯತ್ಯಾಸ ಎಕ್ಸ್ + 4, ಇವುಗಳ ಅನುಪಾತ 2/3. ಎಕ್ಸ್ + 4 ಅನ್ನು ಆಚೆ ಕಡೆಗೆ ಒಯ್ದರೆ ಸಮೀಕರಣ ಸಿದ್ಧ:

ವೈ − 7 = (2/3)(ಎಕ್ಸ್ + 4)

ಆಚೆಗೆ ಒಯ್ಯುವುದರಲ್ಲಿ ಒಂದು ಸೂಕ್ಷ್ಮವಿದೆ. ಅನುಪಾತವಾಗಿಯೇ ಬಿಟ್ಟಿದ್ದರೆ (−4, 7) ಬಿಂದುವಿನಲ್ಲೇ ಸೊನ್ನೆಯಿಂದ ಭಾಗಿಸಿದಂತಾಗಿ, ಯಾವ ಬಿಂದುವಿನಿಂದ ಹೊರಟೆವೋ ಅದೇ ರೇಖೆಯಿಂದ ಹೊರಗೆ ಬೀಳುತ್ತಿತ್ತು. ಗುಣಾಕಾರವಾಗಿ ಬರೆದಾಗ ಅಲ್ಲಿ ಎರಡೂ ಕಡೆ ಸೊನ್ನೆ ಬಂದು ಬಿಂದು ಒಳಗೆ ಸೇರಿಕೊಳ್ಳುತ್ತದೆ. ತಾಳೆ ನೋಡುವುದೂ ಇದರಿಂದ ಸುಲಭ. ಕೊಟ್ಟ ಬಿಂದುವನ್ನು ಆದೇಶಿಸಿ (ಎಕ್ಸ್, ವೈ ಇರುವಲ್ಲಿ ಅದರ ಸಂಖ್ಯೆಗಳನ್ನು ಇಡಿ), ಎರಡೂ ಕಡೆ ಸೊನ್ನೆ ಬರದಿದ್ದರೆ ಚಿಹ್ನೆ ತಪ್ಪಿದೆ ಎಂದೇ ಅರ್ಥ.

ಚಿಹ್ನೆ ತಪ್ಪುವುದೂ ಇಲ್ಲೇ. ಎಕ್ಸ್ − (−4) ಎಂದು ಒಂದು ಸಾಲು ಬರೆದು, ಮುಂದಿನ ಸಾಲಿನಲ್ಲಿ ಎಕ್ಸ್ + 4 ಎಂದು ಬಿಡಿಸುವವರು ತಪ್ಪುವುದು ಕಡಿಮೆ. ಆ ಸಾಲನ್ನು ಮನಸ್ಸಿನಲ್ಲೇ ಮಾಡಲು ಹೋದವರು ಎಕ್ಸ್ − 4 ಎಂದು ಬರೆದು, ಉಳಿದ ಇಡೀ ಲೆಕ್ಕವನ್ನು ಶ್ರದ್ಧೆಯಿಂದ, ಅಚ್ಚುಕಟ್ಟಾಗಿ, ತಪ್ಪಾಗಿ ಮುಗಿಸುತ್ತಾರೆ.

ಈ ರೂಪದ ನಿಜವಾದ ಬಲ ಬೇರೆ ಕಡೆ ಇದೆ. ರೇಖೆಯ ಮೇಲಿನ ಯಾವ ಬಿಂದುವನ್ನು ಬೇಕಾದರೂ ಆಧಾರವಾಗಿ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಇದು ಕೊಡುತ್ತದೆ. ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಅಳತೆಗಳ ಸಂಬಂಧ ಇಳಿಜಾರು 9/5 ಇರುವ ಒಂದು ಸರಳರೇಖೆ. ನೀರು ಹೆಪ್ಪುಗಟ್ಟುವ (0, 32) ಬಿಂದುವನ್ನು ಹಿಡಿದರೆ ಎಲ್ಲರಿಗೂ ಗೊತ್ತಿರುವ ಸೂತ್ರ ಬರುತ್ತದೆ: 9/5ರಿಂದ ಗುಣಿಸಿ 32 ಕೂಡಿಸಿ. ಹಿಂದಕ್ಕೆ ಬರುವಾಗ ಮೊದಲು 32 ಕಳೆಯಬೇಕೋ, ಮೊದಲು ಭಾಗಿಸಬೇಕೋ ಎಂಬ ಗೊಂದಲ ಹುಟ್ಟುವುದು ಈ ಸೂತ್ರದಲ್ಲೇ. ಆದರೆ ಎರಡೂ ಅಳತೆಗಳು ಒಂದಾಗುವ (−40, −40) ಬಿಂದುವೂ ಅದೇ ರೇಖೆಯ ಮೇಲಿದೆ. ಅದನ್ನು ಆಧಾರವಾಗಿ ಹಿಡಿಯಿರಿ:

ಫ್ಯಾರನ್‌ಹೀಟ್ + 40 = (9/5)(ಸೆಲ್ಸಿಯಸ್ + 40)

ಈಗ ಎರಡೂ ದಿಕ್ಕಿಗೆ ಕ್ರಮ ಒಂದೇ: 40 ಕೂಡಿಸಿ, ಗುಣಿಸಿ, 40 ಕಳೆಯಿರಿ. ಹೋಗುವಾಗ 9/5ರಿಂದ, ಬರುವಾಗ 5/9ರಿಂದ ಗುಣಿಸಬೇಕು, ಅಷ್ಟೇ. 37 ಡಿಗ್ರಿ ಸೆಲ್ಸಿಯಸ್‌ಗೆ 40 ಕೂಡಿಸಿದರೆ 77, ಅದರ 9/5 ಭಾಗ 138.6, ಅದರಲ್ಲಿ 40 ಕಳೆದರೆ 98.6. ರೇಖೆ ಬದಲಾಗಿಲ್ಲ, ಆರಿಸಿಕೊಂಡ ಬಿಂದು ಮಾತ್ರ ಬದಲಾಗಿದೆ.

ಕಲನಶಾಸ್ತ್ರದಲ್ಲಿ ಸ್ಪರ್ಶಕದ (ವಕ್ರರೇಖೆಯನ್ನು ಒಂದು ಬಿಂದುವಿನಲ್ಲಿ ಸವರಿ ಹೋಗುವ ರೇಖೆಯ) ಸಮೀಕರಣ ಬರೆಯುವವರಿಗೂ ಇದೇ ಸಹಜ ರೂಪ. ವಕ್ರರೇಖೆಯ ಮೇಲಿನ ಬಿಂದು ಕೈಯಲ್ಲಿರುತ್ತದೆ, ನಿಷ್ಪನ್ನ (ಡಿರೈವೇಟಿವ್) ಅಲ್ಲಿನ ಇಳಿಜಾರನ್ನು ಕೊಡುತ್ತದೆ. ವೈ = ಎಕ್ಸ್² − 2 ಎಂಬ ವಕ್ರರೇಖೆಯಲ್ಲಿ ಎಕ್ಸ್ = 1.5 ಇರುವ ಕಡೆ ಎತ್ತರ 0.25, ಇಳಿಜಾರು 3. ಸ್ಪರ್ಶಕ: ವೈ − 0.25 = 3(ಎಕ್ಸ್ − 1.5). ಇದು ಎಕ್ಸ್-ಅಕ್ಷವನ್ನು ಮುಟ್ಟುವ ಜಾಗ ಬೇಕೆಂದರೆ ವೈ ಬದಲು ಸೊನ್ನೆ ಇಡಿ; ಎಕ್ಸ್ = 1.5 − 0.25/3, ಅಂದರೆ 1.4166… ಬರುತ್ತದೆ. ವಕ್ರರೇಖೆ ತಾನೇ ಆ ಅಕ್ಷವನ್ನು ಕತ್ತರಿಸುವುದು ಎರಡರ ವರ್ಗಮೂಲದಲ್ಲಿ, ಅಂದರೆ 1.4142…ರಲ್ಲಿ; ಊಹೆಯನ್ನು ಸ್ಪರ್ಶಕದಿಂದ ತಿದ್ದುತ್ತ ಹೋಗುವ ನ್ಯೂಟನ್ ವಿಧಾನದ ಒಂದೇ ಹೆಜ್ಜೆಗೆ ಇಷ್ಟು ಹತ್ತಿರ ಬಂದೆವು. 1.5 ಎಂಬುದು ನಮ್ಮ ಊಹೆ, 0.25/3 ಎಂಬುದು ಅದಕ್ಕೆ ಮಾಡಿದ ತಿದ್ದುಪಡಿ. ಈ ಎರಡೂ ಬೇರೆಬೇರೆಯಾಗಿ ಕಣ್ಣಿಗೆ ಕಾಣುವುದು ಬಿಂದು-ಇಳಿಜಾರು ರೂಪದಲ್ಲಿ ಮಾತ್ರ.

ಇಳಿಜಾರು-ಅಂತಃಖಂಡ ರೂಪ

ವೈ = ಎಂ ಎಕ್ಸ್ + ಸಿ

ಎಲ್ಲರ ಬಾಯಲ್ಲೂ ಇರುವ ರೂಪ ಇದು. ಇಲ್ಲಿ ಸಿ ಎಂದರೆ ರೇಖೆ ವೈ-ಅಕ್ಷವನ್ನು ಕತ್ತರಿಸುವ ಎತ್ತರ, ಅಂತಃಖಂಡ ಎನ್ನುವುದು ಇದನ್ನೇ. ನಮ್ಮ ಉದಾಹರಣೆಯಲ್ಲಿ ಬಿಂದುವನ್ನು ಆದೇಶಿಸಿ ಸಿ ಕಂಡುಹಿಡಿಯಬೇಕು: 7 = (2/3)(−4) + ಸಿ. ಆದ್ದರಿಂದ ಸಿ = 7 + 8/3 = 29/3. ಏಳನ್ನು 21/3 ಎಂದು ಬದಲಿಸಿಕೊಂಡು ಕೂಡಿಸಬೇಕು. ಭಿನ್ನರಾಶಿ ಎಂದರೆ ಬೆವರುವವರು ಬೆವರುವುದು ಈ ಸಾಲಿನಲ್ಲಿ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇದು ಓದಲು ಒಳ್ಳೆಯ ರೂಪ, ಕಟ್ಟಲು ಒಳ್ಳೆಯ ರೂಪವಲ್ಲ. ಸಮೀಕರಣ ಸಿದ್ಧವಾದ ಮೇಲೆ ಇಳಿಜಾರನ್ನೂ ಅಂತಃಖಂಡವನ್ನೂ ಒಂದೇ ನೋಟಕ್ಕೆ ತೋರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಎರಡು ರೇಖೆಗಳು ಸಮಾಂತರವೇ ಎಂದು ನೋಡಬೇಕೇ? ಎಕ್ಸ್‌ನ ಸಹಗುಣಕಗಳನ್ನು ಹೋಲಿಸಿದರೆ ಸಾಕು. ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಎಕ್ಸ್ ಕೊಟ್ಟು ವೈ ಪಡೆಯಬೇಕೇ? ಹೀಗೆಯೇ ಬರೆಯಿರಿ. ಕೊಟ್ಟ ಬಿಂದು (0, 5) ಆಗಿದ್ದರಂತೂ ಯೋಚಿಸಬೇಡಿ; ಸಿ = 5 ಎಂದು ಪ್ರಶ್ನೆಯೇ ಹೇಳಿಬಿಟ್ಟಿದೆ.

ಬಿಂದು ವೈ-ಅಕ್ಷದಿಂದ ಬಹಳ ದೂರವಿದ್ದಾಗ ಮಾತ್ರ ಈ ರೂಪ ಮೋಸ ಮಾಡುತ್ತದೆ. ಅಡ್ಡ ಅಕ್ಷದಲ್ಲಿ ಇಸವಿ ಇರುವ ದತ್ತಾಂಶ ಎಂದುಕೊಳ್ಳಿ: ಇಳಿಜಾರು 3.274, ರೇಖೆ (2020, 58) ಮೂಲಕ ಹೋಗುತ್ತದೆ. ಸಿ ಲೆಕ್ಕ ಹಾಕಿದರೆ 58 − 6613.48 = −6555.48. ಕ್ರಿಸ್ತಶಕದ ಸೊನ್ನೆಯ ಬಳಿ ಏನೋ ಋಣ ಆರು ಸಾವಿರ ಇತ್ತು ಎಂಬ ಈ ಸಂಖ್ಯೆಗೆ ಯಾವ ಅರ್ಥವೂ ಇಲ್ಲ. ಅರ್ಥವಿಲ್ಲದಿದ್ದರೆ ಹೋಗಲಿ, ಅಪಾಯವೂ ಇದೆ. ಯಾರೋ ಅಂದಕ್ಕೆಂದು ಇಳಿಜಾರನ್ನು 3.27 ಎಂದು ಮೊಟಕುಗೊಳಿಸಿ, ಸಿ ಅನ್ನು ಹಾಗೆಯೇ ಬಿಟ್ಟರೆ 2020ರ ಬೆಲೆ 6605.4 − 6555.48 = 49.92 ಆಗುತ್ತದೆ. 58 ಇರಬೇಕಾದಲ್ಲಿ ಸುಮಾರು 50! ಮೂರನೆಯ ದಶಮಾಂಶ ಸ್ಥಾನದಲ್ಲಿ ಕೈಬಿಟ್ಟ 0.004 ಎಂಬ ಚೂರು 2020ರಿಂದ ಗುಣಿಸಿಕೊಂಡು ಎಂಟಾಗಿ ಬೆಳೆದಿದೆ. ಇದನ್ನೇ ವೈ = 58 + 3.27(ಎಕ್ಸ್ − 2020) ಎಂದು ಬರೆದಿದ್ದರೆ 2020ಕ್ಕೆ ಸರಿಯಾಗಿ 58 ಬರುತ್ತದೆ. 2025ಕ್ಕೆ 74.37ರ ಬದಲು 74.35 ಬರುತ್ತದೆ, ಯಾರೂ ದೂರುವುದಿಲ್ಲ. ಅಳತೆಯ ಸಂಖ್ಯೆಗಳೊಂದಿಗೆ ಕೆಲಸ ಮಾಡುವವರು ಬಿಂದು-ಇಳಿಜಾರು ರೂಪವನ್ನು ಬಿಡಿಸದೆ ಹಾಗೆಯೇ ಇಟ್ಟುಕೊಳ್ಳುವುದು ಲೇಸು.

ಸಾಮಾನ್ಯ ರೂಪ, ನೇರವಾಗಿ

ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ಕೇಳುವ ಅಂತಿಮ ಉತ್ತರ ಎ ಎಕ್ಸ್ + ಬಿ ವೈ + ಸಿ = 0 ಎಂಬ ರೂಪದಲ್ಲಿರುತ್ತದೆ. (ಇಲ್ಲಿನ ಸಿ ಹಿಂದಿನ ಸಿ ಅಲ್ಲ. ಒಂದೇ ಅಧ್ಯಾಯದಲ್ಲಿ ಒಂದೇ ಅಕ್ಷರಕ್ಕೆ ಎರಡು ಕೆಲಸ ಕೊಟ್ಟವರನ್ನು ಬೈದುಕೊಂಡು ಮುಂದೆ ಹೋಗೋಣ.) ಹೆಚ್ಚಿನವರು ಬಿಂದು-ಇಳಿಜಾರಿನಿಂದ ಹೊರಟು, ಮೂರರಿಂದ ಗುಣಿಸಿ, ಆವರಣ ಬಿಡಿಸಿ, ಪಕ್ಷಾಂತರ ಮಾಡಿ ಇಲ್ಲಿಗೆ ಬರುತ್ತಾರೆ. ಅಷ್ಟು ಸುತ್ತಬೇಕಾಗಿಲ್ಲ.

ಇಳಿಜಾರು 2/3 ಇರುವ ಎಲ್ಲ ರೇಖೆಗಳೂ 2ಎಕ್ಸ್ − 3ವೈ = ಏನೋ ಒಂದು ಸಂಖ್ಯೆ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಎಲ್ಲಕ್ಕೂ ಎಡಭಾಗ ಒಂದೇ. ಬಲಭಾಗದ ಸಂಖ್ಯೆ ಮಾತ್ರ ಒಂದೊಂದಕ್ಕೆ ಒಂದೊಂದು. ಆ ಸಂಖ್ಯೆಯನ್ನು ಕೊಟ್ಟ ಬಿಂದುವೇ ಹೇಳುತ್ತದೆ:

2(−4) − 3(7) = −8 − 21 = −29

ಆದ್ದರಿಂದ 2ಎಕ್ಸ್ − 3ವೈ = −29. ಮುಗಿಯಿತು. ಭಿನ್ನರಾಶಿ ಎಲ್ಲೂ ಬರಲಿಲ್ಲ, ಪಕ್ಷಾಂತರವೂ ಬರಲಿಲ್ಲ. ಇಳಿಜಾರಿನ ಅಂಶ ಎಕ್ಸ್‌ನ ಮುಂದೆ, ಛೇದ ಋಣ ಚಿಹ್ನೆಯೊಂದಿಗೆ ವೈ ಮುಂದೆ. ಇಳಿಜಾರೇ ಋಣವಾಗಿದ್ದರೆ, ಉದಾಹರಣೆಗೆ −3/4 ಇದ್ದು ಬಿಂದು (2, 5) ಆಗಿದ್ದರೆ, ಎಡಭಾಗ 3ಎಕ್ಸ್ + 4ವೈ ಆಗುತ್ತದೆ; ಬಲಭಾಗ 6 + 20 = 26.

ಲಂಬ ರೇಖೆ ಬೇಕೆಂದರೂ ಇದೇ ಚುರುಕು. 2ಎಕ್ಸ್ − 3ವೈ = −29 ರೇಖೆಗೆ ಅದೇ ಬಿಂದುವಿನಲ್ಲಿ ಲಂಬವಾಗಿರುವ ರೇಖೆಯನ್ನು ಬರೆಯಲು ಸಹಗುಣಕಗಳನ್ನು ಅದಲುಬದಲು ಮಾಡಿ, ಒಂದರ ಚಿಹ್ನೆ ಬದಲಿಸಿ: 3ಎಕ್ಸ್ + 2ವೈ = −12 + 14 = 2. ಇನ್ನು, ಬಿಂದುವೊಂದರಿಂದ ರೇಖೆಗಿರುವ ಲಂಬದೂರದ ಸೂತ್ರ ನಿಂತಿರುವುದೇ ಈ ರೂಪದ ಮೇಲೆ. (1, 1) ಬಿಂದುವಿನಿಂದ ನಮ್ಮ ರೇಖೆಗೆ ದೂರ ಬೇಕಾದರೆ 2 − 3 + 29 = 28, ಇದನ್ನು √13ರಿಂದ ಭಾಗಿಸಿದರೆ ಆಯಿತು.

ಪೂರ್ಣಾಂಕಗಳಲ್ಲೇ ಕೆಲಸ ಮುಗಿಸುವ ಈ ಗುಣ ಯಂತ್ರಗಳಿಗೂ ಪ್ರಿಯವಾದದ್ದು. 2ಎಕ್ಸ್ − 3ವೈ + 29 ಎಂಬುದರಲ್ಲಿ ರೇಖೆಯ ಮೇಲಿನ ಬಿಂದುವನ್ನು ಆದೇಶಿಸಿದರೆ ಸೊನ್ನೆ, ಕೆಳಗಿನದನ್ನು ಆದೇಶಿಸಿದರೆ ಧನ, ಮೇಲ್ಗಡೆಯದನ್ನು ಆದೇಶಿಸಿದರೆ ಋಣ ಬರುತ್ತದೆ. ಚಿಹ್ನೆಯೊಂದನ್ನು ನೋಡಿದರೆ ಸಾಕು, ಬಿಂದು ಯಾವ ಕಡೆ ಇದೆ ಎಂದು ತಿಳಿಯುತ್ತದೆ. ಐಬಿಎಂ ಸಂಸ್ಥೆಯಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ಪ್ಲಾಟರ್ ಎಂಬ, ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆಯುವ ಯಂತ್ರಕ್ಕಾಗಿ ರೂಪಿಸಿ 1965ರಲ್ಲಿ ಪ್ರಕಟಿಸಿದ ಗೆರೆ ಎಳೆಯುವ ಕ್ರಮವನ್ನು ವಿವರಿಸಲು ಇಷ್ಟೇ ಸಾಕಾಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಪೂರ್ಣಾಂಕವೊಂದರ ಚಿಹ್ನೆ ನೋಡಿ, ಮುಂದಿನ ಚುಕ್ಕೆಯನ್ನು ನೇರ ಇಡಬೇಕೋ ಓರೆಗೆ ಇಡಬೇಕೋ ಎಂದು ಅದು ತೀರ್ಮಾನಿಸುತ್ತದೆ. ಭಾಗಾಕಾರದ ಗೊಡವೆಯೇ ಇಲ್ಲ.

ಹಾಗಾದರೆ ಇದನ್ನೇ ಎಲ್ಲದಕ್ಕೂ ಬಳಸಬಾರದೇ? ಎರಡು ಅಡ್ಡಿಗಳಿವೆ. ಇಳಿಜಾರು 0.35 ಎಂದೋ √3 ಎಂದೋ ಇದ್ದರೆ ಅಂಶ, ಛೇದಗಳ ಸೊಗಸು ಹೋಗಿಬಿಡುತ್ತದೆ. ಮತ್ತೆ, ಹಂತಹಂತವಾಗಿ ಅಂಕ ಕೊಡುವ ಪರೀಕ್ಷೆಯಲ್ಲಿ ಸೂತ್ರವನ್ನೂ ಹಂತಗಳನ್ನೂ ಬರೆಯದೆ ಉತ್ತರ ಮಾತ್ರ ಬರೆದರೆ ಮೌಲ್ಯಮಾಪಕರು ಒಪ್ಪದಿರಬಹುದು. ಅಲ್ಲಿ ಬಿಂದು-ಇಳಿಜಾರಿನಿಂದ ಬಿಡಿಸಿ ತೋರಿಸಿ, ಈ ದಾರಿಯನ್ನು ಉತ್ತರ ಪತ್ರಿಕೆಯ ಅಂಚಿನಲ್ಲಿ ತಾಳೆ ನೋಡಲು ಇಟ್ಟುಕೊಳ್ಳಿ.

ಪ್ರಾಚಲ ರೂಪ

ಇದು ನಡೆಯುವ ರೂಪ. (−4, 7) ಬಿಂದುವಿನಲ್ಲಿ ನಿಂತುಕೊಂಡು ಬಲಕ್ಕೆ 3, ಮೇಲಕ್ಕೆ 2 ಹೆಜ್ಜೆ ಇಡಿ: (−1, 9). ಮತ್ತೆ ಇಡಿ: (2, 11). ಹಿಂದಕ್ಕೆ ಇಡಿ: (−7, 5). ಟಿ ಎಂಬುದು ಎಷ್ಟು ಸಲ ಹೆಜ್ಜೆ ಇಟ್ಟಿರಿ ಎಂಬ ಎಣಿಕೆಯಾದರೆ ಎಕ್ಸ್ = −4 + 3ಟಿ, ವೈ = 7 + 2ಟಿ. ನಕ್ಷೆ ಎಳೆಯಲು ಪೂರ್ಣಾಂಕ ಬಿಂದುಗಳು ಬೇಕಾದಾಗ ಇದಕ್ಕಿಂತ ಸುಲಭ ಬೇರಿಲ್ಲ. ಇಳಿಜಾರು-ಅಂತಃಖಂಡ ರೂಪ ಹಿಡಿದು 29/3 ಎತ್ತರದಲ್ಲಿ ಮೊದಲ ಚುಕ್ಕೆ ಇಡಲು ಹೆಣಗುವವರನ್ನು ಕಂಡಾಗಲೆಲ್ಲ ಇದನ್ನು ಹೇಳಿಕೊಡಬೇಕು ಅನಿಸುತ್ತದೆ.

ಬಿಂದುವಿನಿಂದ ಇಂತಿಷ್ಟು ದೂರ ಎಂಬ ಪ್ರಶ್ನೆಗಳಿಗೂ ಇದೇ ಮದ್ದು. ಇಳಿಜಾರು 3/4, ಬಿಂದು (1, 2), ರೇಖೆಯ ಮೇಲೆ 5 ಮಾನ ದೂರದ ಬಿಂದುಗಳು ಯಾವುವು? ಅಡ್ಡ 4, ಎತ್ತರ 3 ಇಟ್ಟ ಒಂದು ಹೆಜ್ಜೆಯ ಉದ್ದ ಸರಿಯಾಗಿ 5. ಮುಂದಕ್ಕೆ (5, 5), ಹಿಂದಕ್ಕೆ (−3, −1). ಬೇರೆ ರೂಪದಲ್ಲಾಗಿದ್ದರೆ ವರ್ಗಸಮೀಕರಣ ಬಿಡಿಸಬೇಕಿತ್ತು. ಕೊರತೆ ಎಂದರೆ ಇದು ಒಂದಲ್ಲ, ಎರಡು ಸಮೀಕರಣ. ಪರೀಕ್ಷೆ ಒಂದನ್ನೇ ಕೇಳಿದ್ದರೆ ಟಿ ಅನ್ನು ತೆಗೆದುಹಾಕುವ ಕೆಲಸ ಮೈಮೇಲೆ ಬೀಳುತ್ತದೆ.

ಅಂತಃಖಂಡ ರೂಪ, ಎಂದರೆ ಎಕ್ಸ್/ಎ + ವೈ/ಬಿ = 1, ಈ ಪ್ರಶ್ನೆಗೆ ಹೇಳಿ ಮಾಡಿಸಿದ್ದಲ್ಲ. ಎರಡೂ ಅಂತಃಖಂಡಗಳು ಗೊತ್ತಿರುವಾಗ ಅದು ಚೆಂದ. ಮೂಲಬಿಂದುವಿನ ಮೂಲಕ ಹೋಗುವ ರೇಖೆಯನ್ನಂತೂ ಅದರಲ್ಲಿ ಬರೆಯಲು ಬರುವುದೇ ಇಲ್ಲ.

ನೆಟ್ಟಗೆ ನಿಂತ ರೇಖೆ

(−4, 7) ಮೂಲಕ ವೈ-ಅಕ್ಷಕ್ಕೆ ಸಮಾಂತರವಾಗಿ ಹೋಗುವ ರೇಖೆಗೆ ಇಳಿಜಾರು ಇಲ್ಲ. ಅಡ್ಡ ವ್ಯತ್ಯಾಸ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ. ಆದ್ದರಿಂದ ಎಂ ಇರುವ ಮೊದಲ ಎರಡು ರೂಪಗಳೂ ಇಲ್ಲಿ ಸೋಲುತ್ತವೆ. ಸಾಮಾನ್ಯ ರೂಪದಲ್ಲಿ ಎಕ್ಸ್ + 4 = 0 ಎಂದೂ, ಪ್ರಾಚಲ ರೂಪದಲ್ಲಿ (−4, 7 + ಟಿ) ಎಂದೂ ಸಲೀಸಾಗಿ ಬರೆಯಬಹುದು. ಯಾವ ರೇಖೆ ಬಂದರೂ ಕೆಲಸ ಮಾಡಬೇಕಾದ ಪ್ರೋಗ್ರಾಂ ಬರೆಯುವವರು ಈ ಎರಡರಲ್ಲಿ ಒಂದನ್ನೇ ಆರಿಸಬೇಕು. ಎಂ ಮೇಲೆ ನಂಬಿಕೆ ಇಟ್ಟರೆ ಒಂದು ದಿನ ನೆಟ್ಟಗಿನ ರೇಖೆ ಬಂದು ಎಲ್ಲವನ್ನೂ ಕೆಡಿಸುತ್ತದೆ. ಅಡ್ಡ ರೇಖೆಯಲ್ಲಿ ಇಂತಹ ತೊಡಕಿಲ್ಲ. ಅದರ ಇಳಿಜಾರು ಸೊನ್ನೆ, ಸಮೀಕರಣ ವೈ = 7.

ನಿಮ್ಮ ಕೈಗೆ ಯಾವುದು

ಈಗಷ್ಟೇ ಕಲಿಯುತ್ತಿದ್ದರೆ, ಒಂದನ್ನೇ ನೆನಪಿಡಲು ಮನಸ್ಸಿದ್ದರೆ ಬಿಂದು-ಇಳಿಜಾರು ರೂಪ ಹಿಡಿಯಿರಿ. ಮರೆತರೂ ಇಳಿಜಾರಿನ ಅರ್ಥದಿಂದಲೇ ಮತ್ತೆ ಕಟ್ಟಿಕೊಳ್ಳಬಹುದು. ಇಳಿಜಾರು ಭಿನ್ನರಾಶಿಯಾಗಿದ್ದು ಸಮಯ ಕಡಿಮೆಯಿದ್ದರೆ ಸಾಮಾನ್ಯ ರೂಪದ ನೇರ ದಾರಿ. ನನ್ನಂತೆ ಚಿಹ್ನೆ ಕಳೆದುಕೊಳ್ಳುವವರಿಗೂ ಅದೇ ಕ್ಷೇಮ, ಏಕೆಂದರೆ ಅಲ್ಲಿ ಋಣ ಸಂಖ್ಯೆಯನ್ನು ಇದ್ದ ಹಾಗೆಯೇ ಆದೇಶಿಸುತ್ತೀರಿ. ಇಳಿಜಾರು ಪೂರ್ಣಾಂಕವಾಗಿದ್ದು ನಕ್ಷೆಯನ್ನೋ ಹೋಲಿಕೆಯನ್ನೋ ಕೇಳಿದ್ದರೆ ವೈ = ಎಂ ಎಕ್ಸ್ + ಸಿ ಸಾಕು. ದಶಮಾಂಶ, ಇಸವಿ, ಅಳತೆ ಎಂದರೆ ಬಿಂದು-ಇಳಿಜಾರು, ಅದೂ ಬಿಡಿಸದೆ.

ನಾಲ್ಕು ಆಯ್ಕೆ ಕೊಟ್ಟಿರುವ ಪ್ರಶ್ನೆಯಾದರೆ ಯಾವ ರೂಪವೂ ಬೇಡ. ಇಳಿಜಾರು −5/2, ಬಿಂದು (6, −1); ಆಯ್ಕೆಗಳು 5ಎಕ್ಸ್ − 2ವೈ = 32, 2ಎಕ್ಸ್ + 5ವೈ = 7, 5ಎಕ್ಸ್ + 2ವೈ = 26, 5ಎಕ್ಸ್ + 2ವೈ = 28 ಎಂದುಕೊಳ್ಳಿ. ಬಿಂದುವನ್ನು ಮಾತ್ರ ಆದೇಶಿಸಿ ನೋಡಿದರೆ ಮೊದಲೆರಡೂ ತಾಳೆಯಾಗುತ್ತವೆ, ಬಲೆ ಹೆಣೆದಿರುವುದೇ ಹಾಗೆ. ಮೊದಲು ಇಳಿಜಾರು ನೋಡಿ: ಮೊದಲನೆಯದರದು 5/2, ಎರಡನೆಯದರದು −2/5, ಎರಡೂ ಹೊರಗೆ. ಉಳಿದೆರಡಕ್ಕೆ ಎಡಭಾಗ ಒಂದೇ. 30 − 2 = 28.